ಬಳಸುದಾರಿಯ ಸುಖ, ಬಳಸುವವರ ಹೊಣೆ

ದಾರಿಗಳ ವಿಷಯದಲ್ಲಿ ನಮ್ಮ ಕನ್ನಡ ನುಡಿ ಬಹಳ ಕಟ್ಟುನಿಟ್ಟಿನದು. ನೇರವಾಗಿ ನಡೆಯುವವನು ಸಜ್ಜನ; ಅಡ್ಡದಾರಿ ಹಿಡಿದವನು ಕೆಟ್ಟವನು; ದಾರಿ ತಪ್ಪಿದ ಮಗ ಮನೆತನಕ್ಕೆ ಕಳಂಕ; ಸುತ್ತಿ ಬಳಸಿ ಮಾತಾಡುವವನನ್ನು ಯಾರೂ ನಂಬುವುದಿಲ್ಲ. ಹೀಗಿರುವಾಗ, ವಾರವಿಡೀ ದುಡಿದು ದಣಿದು, ರಜೆಯ ದಿನ ನಸುಕಿನಲ್ಲೇ ಎದ್ದು, ಕೆಲಸವೇ ಇಲ್ಲದ ಊರುಗಳ ಕಡೆಗೆ, ಇರುವ ಹೆದ್ದಾರಿಯನ್ನೂ ಬಿಟ್ಟು, ಬೇಕೆಂದೇ ಬಳಸುದಾರಿಯನ್ನು ಹುಡುಕಿಕೊಂಡು ಹೋಗುವವರನ್ನು ಏನೆಂದು ಕರೆಯೋಣ? ಇದು ಹುಚ್ಚೋ, ಸೋಮಾರಿತನವೋ, ಅಥವಾ ಮನುಷ್ಯನಿಗೆ ನಿಜವಾಗಿ ಬೇಕಾದ ಒಂದು ಸುಖವೋ? ಸುಖವೇ ಆದರೆ ಅದರ ಬೆಲೆಯನ್ನು ಯಾರು ತೆರುತ್ತಾರೆ? ಇಂಥದೊಂದು ಚೆಲುವಾದ ದಾರಿ ನಮಗೆ ಸಿಕ್ಕಿತೆನ್ನಿ, ಅದನ್ನು ನಾಲ್ಕು ಜನಕ್ಕೆ ಹೇಳಬೇಕೇ, ಬಚ್ಚಿಡಬೇಕೇ? ಪ್ರಶ್ನೆ ಸಣ್ಣದೆಂದು ತೋರಿದರೂ ವಿಚಾರಮಾಡತಕ್ಕದ್ದೆಂದು ನಮಗನಿಸಿದೆ.

ನಾವು ಜೋಗೇಶ್ವರಿಯವರು. ಒಂದು ಬದಿಗೆ ಪಶ್ಚಿಮ ದ್ರುತಗತಿ ಹೆದ್ದಾರಿ, ಇನ್ನೊಂದು ಬದಿಗೆ ಸ್ವಾಮಿ ವಿವೇಕಾನಂದ ರಸ್ತೆ, ನಡುವೆ ರೈಲುಹಳಿ, ಪೂರ್ವಕ್ಕೆ ವಿಕ್ರೋಲಿಯತ್ತ ಹೊರಟ ಲಿಂಕ್ ರೋಡು. ನಾಲ್ಕೂ ಕಡೆ ದಾರಿಗಳಿದ್ದರೂ ಯಾವ ದಾರಿಯಲ್ಲೂ ಅಲುಗಾಡಲಾಗದಂಥ ಜಾಗ ನಮ್ಮದು. ಕೇಂದ್ರ ಸರಕಾರದ ಕಚೇರಿಗಳಲ್ಲಿ ೧೯೮೫ರಲ್ಲಿ ವಾರಕ್ಕೆ ಐದು ದಿನದ ಕೆಲಸ ಜಾರಿಗೆ ಬಂದುದರಿಂದ ನಮ್ಮಂಥ ಗುಮಾಸ್ತರಿಗೆ ಶನಿವಾರವೆಂಬುದು ಸರಕಾರವೇ ಕೊಟ್ಟ ದಾನ. ಆ ದಿನ ನೆರೆಹೊರೆಯ ಎರಡು ಸಂಸಾರಗಳು ಸೇರಿ ಒಂದು ಹಳೆಯ ಕಾರಿನಲ್ಲಿ ಹೊರಟರೆ, ಚಪಾತಿ, ಉಪ್ಪಿನಕಾಯಿ, ಮೊಸರನ್ನ ಕಟ್ಟಿಕೊಂಡರೆ, ಸಂಜೆಯ ತನಕ ನಾವು ಯಾರ ಫೈಲಿಗೂ ಸಿಗುವವರಲ್ಲ.

ಮೊದಲನೆಯದಾಗಿ, ಬಳಸುದಾರಿ ಏಕೆ ಬಳಸುತ್ತದೆ ಎಂಬುದನ್ನು ನೋಡೋಣ. ವಿಜ್ಞಾನ ಓದಿದವರಿಗೆ ಇದು ಸುಲಭದ ಲೆಕ್ಕ. ಒಂದು ಟನ್ ಭಾರದ ಗಾಡಿಯನ್ನು ಇಪ್ಪತ್ತಡಿಗೆ ಒಂದಡಿ ಏರುವ ದಾರಿಯಲ್ಲಿ ಎಳೆಯುವ ಎತ್ತುಗಳಿಗೆ, ಸಮತಟ್ಟಿನಲ್ಲಿ ಬೇಕಾದ ಬಲಕ್ಕಿಂತ ಸುಮಾರು ೫೦ ಕಿಲೋ ಭಾರದಷ್ಟು ಬಲ ಹೆಚ್ಚು ಬೇಕು. ಐದಡಿಗೆ ಒಂದಡಿ ಏರುವ ನೇರ ದಾರಿಯಾದರೆ ಅದು ೨೦೦ ಕಿಲೋ ಆಗುತ್ತದೆ. ಏರಬೇಕಾದ ಗುಡ್ಡದ ಎತ್ತರ ಎರಡರಲ್ಲೂ ಅಷ್ಟೇ. ಆದರೆ ಎತ್ತಿನ ಹೆಗಲು ತಾಳುವುದು ಮೊದಲನೆಯದನ್ನು ಮಾತ್ರ. ಆದುದರಿಂದ ಹಳೆಯ ದಾರಿಯ ಪ್ರತಿಯೊಂದು ತಿರುವೂ ಯಾವುದೋ ಎತ್ತಿನ ಹೆಗಲಿಗೆ ತೋರಿದ ಕರುಣೆಯೆಂದು ಹೇಳಬಹುದು. ಬಯಲಿನಲ್ಲೂ ಹಾಗೆಯೇ. ಇಲ್ಲಿ ಒಬ್ಬರ ಬಾವಿ ಇತ್ತು, ಅಲ್ಲೊಂದು ಆಲದ ಮರ, ಮುಂದೆ ದೇವರ ಕಟ್ಟೆ. ದಾರಿ ಇವೆಲ್ಲಕ್ಕೂ ಸರಿದು ಜಾಗ ಕೊಟ್ಟು ಮುಂದೆ ಹೋಯಿತು. ಬೋರ್ ಘಾಟಿನಲ್ಲಿ ೧೮೩೦ರಲ್ಲಿ ಗಾಡಿರಸ್ತೆ ತೆರೆಯಿತು. ೧೮೬೩ರಲ್ಲಿ ರೈಲು ಹತ್ತಿತು. ೨೦೦೨ರಲ್ಲಿ ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿ ಪೂರ್ತಿಯಾಯಿತು. ಮೊದಲನೆಯ ರಸ್ತೆ ಗುಡ್ಡವನ್ನು ಕೇಳಿಕೊಂಡು ಹೋದದ್ದು, ಕೊನೆಯದು ಗುಡ್ಡವನ್ನು ಕೊರೆದುಕೊಂಡು ಹೋದದ್ದು. ಹೆದ್ದಾರಿಯನ್ನು ನಾವು ಹಳಿಯುತ್ತಿಲ್ಲ. ರೋಗಿಗೆ, ತರಕಾರಿಯ ಲಾರಿಗೆ, ತಂದೆಯ ಕೊನೆಗಾಲಕ್ಕೆ ಊರು ಮುಟ್ಟಬೇಕಾದ ಮಗನಿಗೆ ಹೆದ್ದಾರಿಯೇ ದೇವರು. ಆದರೆ ಹೆದ್ದಾರಿಯಲ್ಲಿ ಎರಡು ಊರುಗಳ ನಡುವಿನ ನೆಲವೆಲ್ಲ ಕಳೆಯಬೇಕಾದ ಹೊತ್ತಾಗುತ್ತದೆ. ಒಳದಾರಿಯಲ್ಲಿ ಆ ನೆಲ ಮತ್ತೆ ಊರಾಗುತ್ತದೆ. ನಾವು ಹುಡುಕಿಕೊಂಡು ಹೋಗುವುದು ಇದನ್ನೇ.

ಒಂದು ಉದಾಹರಣೆ ಕೊಡೋಣ. ಜೋಗೇಶ್ವರಿಯಿಂದ ಉತ್ತರಕ್ಕೆ ಹೊರಟು, ಘೋಡ್‌ಬಂದರಿನ ಬಳಿ ಖಾಡಿಯ ಸೇತುವೆ ದಾಟಿ, ವಸಯಿ ಫಾಟಾದಲ್ಲಿ ಎಡಕ್ಕೆ ತಿರುಗಿ, ರೈಲುಹಳಿಯ ಪಶ್ಚಿಮಕ್ಕೆ ಬಂದರೆ ಬೇರೊಂದು ಲೋಕವೇ ತೆರೆದುಕೊಳ್ಳುತ್ತದೆ. ಪಾಪ್ಡಿ, ಗಿರಿಜ, ನಿರ್ಮಳ, ಆಗಾಶಿ, ಕೊನೆಗೆ ಸಮುದ್ರದ ಅಂಚಿನ ಅರ್ನಾಳ. ದಾರಿಯುದ್ದಕ್ಕೂ ಬಾಳೆ, ವೀಳ್ಯದೆಲೆ, ಹೂವು, ತರಕಾರಿಯ ವಾಡಿಗಳು. ತೆಂಗಿನ ನೆರಳಿನಲ್ಲಿ ಬಾವಿಗಳು. ಒಂದು ತಿರುವಿನಲ್ಲಿ ಇಗರ್ಜಿ, ಇನ್ನೊಂದರಲ್ಲಿ ದೇವಸ್ಥಾನ. ನಮ್ಮ ದಕ್ಷಿಣ ಕನ್ನಡದವರಿಗೂ ಉತ್ತರ ಕನ್ನಡದವರಿಗೂ ಇಲ್ಲಿ ಕಣ್ಣು ತೇವವಾಗದಿದ್ದರೆ ಆಶ್ಚರ್ಯ. ಇಲ್ಲಿನ ಸಾಮವೇದಿ ಕ್ರೈಸ್ತರ ಮನೆಮಾತು ಪೇಟೆಯ ಮರಾಠಿಗಿಂತ ಬೇರೆಯಾದ ಕಾದೋಡಿ. ಆಗಾಶಿಯ ಕಡೆ ರಾಜೇಳಿ ಬಾಳೆಯನ್ನು ಒಣಗಿಸಿ ಮಾಡುವ ‘ಸುಕೇಳಿ’ ಬಾಯಲ್ಲಿಟ್ಟರೆ ಬೆಲ್ಲವೇ ಸರಿ.

ನೋಡುವವರಿಗೆ ಇದೆಲ್ಲ ‘ದೃಶ್ಯ’. ಆದರೆ ಈ ಹಸಿರು ತಾನಾಗಿ ಉಳಿದುದಲ್ಲ. ೧೯೮೦ರ ದಶಕದ ಕೊನೆಯಲ್ಲಿ ಈ ಭಾಗವನ್ನೆಲ್ಲ ನಗರವಾಗಿ ಪರಿವರ್ತಿಸುವ ಯೋಜನೆಗಳು ಬಂದಾಗ, ನೀರು ಮತ್ತು ತೋಟಗಳನ್ನು ಉಳಿಸಲು ಇಲ್ಲಿನ ಜನ ಚಳುವಳಿ ಹೂಡಿದರು. ‘ಹರಿತ್ ವಸಯಿ’ ಎಂಬ ಆ ಚಳುವಳಿಯ ಮುಂದಾಳು ಫಾದರ್ ಫ್ರಾನ್ಸಿಸ್ ದಿಬ್ರಿಟೋ. ಮುಂದೆ ೨೦೨೦ರಲ್ಲಿ ಉಸ್ಮಾನಾಬಾದಿನ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರೂ ಅವರೇ, ೨೦೨೪ರಲ್ಲಿ ತೀರಿಕೊಂಡರು. ಅಂದರೆ ನಾವು ಶನಿವಾರ ಪುಕ್ಕಟೆಯಾಗಿ ಕಣ್ತುಂಬಿಕೊಳ್ಳುವ ನೆರಳಿಗಾಗಿ ಯಾರೋ ತಮ್ಮ ಮನೆಯ ನೆಮ್ಮದಿಯನ್ನು ಪಣಕ್ಕೆ ಒಡ್ಡಿದ್ದರು. ನಾವು ಮೆಚ್ಚುವ ಅಂದವು ಅವರ ದುಡಿಮೆಯ ಮಿಗತೆ. ಬಾಳೆ ನೆಟ್ಟವನು ನಮ್ಮ ಕಣ್ಣಿಗಾಗಿ ನೆಡಲಿಲ್ಲ. ಬಾವಿಯ ಕಟ್ಟೆಯ ಮೇಲೆ ಬಟ್ಟೆ ಒಗೆಯುವ ತಾಯಿ ನಮ್ಮ ಛಾಯಾಚಿತ್ರಕ್ಕಾಗಿ ಅಲ್ಲಿ ನಿಂತಿಲ್ಲ.

ಹಾಗಾದರೆ ಹೋಗುವುದೇ ತಪ್ಪೇ? ತಪ್ಪೆನ್ನಲು ನಮಗೆ ಮನಸ್ಸಿಲ್ಲ. ನೋಡುವುದರಿಂದ ಹೂವು ಬಾಡುವುದಿಲ್ಲ. ಸಾರ್ವಜನಿಕ ರಸ್ತೆ ಎಲ್ಲರದು. ಅಲ್ಲದೆ ಪಟ್ಟಣದವನು ತನ್ನ ಊಟದ ತಟ್ಟೆಗೆ ಬರುವ ತೊಂಡೆಕಾಯಿಯ ಬಳ್ಳಿಯನ್ನು ವರ್ಷಕ್ಕೊಮ್ಮೆಯಾದರೂ ನೋಡದಿದ್ದರೆ, ಆ ಬಳ್ಳಿಯ ಮೇಲೆ ಕಟ್ಟಡ ಏಳುವ ದಿನ ಅವನಿಗೆ ನೋವೂ ಆಗುವುದಿಲ್ಲ. ಆದರೂ ಒಂದು ಕಾರು ನಿಶ್ಶಬ್ದವಲ್ಲ, ನಿರ್ಮಲವೂ ಅಲ್ಲ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ೨.೩ ಕಿಲೋ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ನೂರು ಕಿಲೋಮೀಟರಿನ ನಮ್ಮ ವಿಹಾರಕ್ಕೆ, ಲೀಟರಿಗೆ ಹದಿನೈದು ಕಿಲೋಮೀಟರಿನಂತೆ ಲೆಕ್ಕ ಹಾಕಿದರೂ, ಹದಿನೈದು ಕಿಲೋ ಆಯಿತು. ಅದನ್ನು ಉಸಿರಾಡುವವರಲ್ಲಿ ವಾಡಿಯ ಮಕ್ಕಳೂ ಇದ್ದಾರೆ. ಆದುದರಿಂದ ನಮ್ಮದು ಸಂಪೂರ್ಣ ನಿರುಪದ್ರವಿ ಸುಖವೆಂದು ಹೇಳಿಕೊಳ್ಳುವಂತಿಲ್ಲ. ಸಾಲ ಮಾಡಿ ಉಣ್ಣುವ ಹೋಳಿಗೆ ಎನ್ನಬಹುದು. ರುಚಿ ಇದೆ, ತೀರಿಸಬೇಕಾದ್ದೂ ಇದೆ.

ಇನ್ನು ಎರಡನೆಯ ಪ್ರಶ್ನೆ, ಹೇಳಬೇಕೇ ಬೇಡವೇ ಎಂಬುದು. ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆ ಎಂದು ಹಿರಿಯರು ಹೇಳಿದ್ದಾರೆ. ದೀಪದಿಂದ ದೀಪ ಹಚ್ಚಿದರೆ ಮೊದಲನೆಯದರ ಬೆಳಕೇನೂ ಕಡಿಮೆಯಾಗುವುದಿಲ್ಲ. ಆದರೆ ನೀರವತೆಯ ಗುಣ ಬೇರೆ. ಹತ್ತು ಜನ ಹಂಚಿಕೊಂಡರೆ ಅದು ಹತ್ತು ಪಾಲಾಗುವುದಿಲ್ಲ, ಇಲ್ಲವಾಗುತ್ತದೆ. ಸಾತಾರೆಯ ಬಳಿಯ ಕಾಸ್ ಪಠಾರವನ್ನು ನೋಡಿ. ಪಶ್ಚಿಮ ಘಟ್ಟಗಳು ೨೦೧೨ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಅದರ ಹೆಸರೂ ಅದರಲ್ಲಿತ್ತು. ಹೂವಿನ ಕಾಲದಲ್ಲಿ ಜನ ಎಷ್ಟು ನುಗ್ಗಿದರೆಂದರೆ ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ಹಾಕಬೇಕಾಯಿತು. ನಮ್ಮ ಕುಮಾರಪರ್ವತದಲ್ಲಿ ೨೦೨೪ರ ಜನವರಿ ಕೊನೆಯ ರಜೆಗಳಲ್ಲಿ ನೆರೆದ ಚಾರಣಿಗರ ಜಾತ್ರೆಯನ್ನು ಕಂಡು ಅರಣ್ಯ ಇಲಾಖೆ ಚಾರಣವನ್ನೇ ಕೆಲಕಾಲ ನಿಲ್ಲಿಸಿತು. ನೀಲಗಿರಿಗೂ ಕೊಡೈಕನಾಲಿಗೂ ಅದೇ ವರ್ಷದ ಮೇ ತಿಂಗಳಿನಿಂದ ವಾಹನಗಳಿಗೆ ಇ-ಪಾಸು ಬೇಕೆಂದಾಯಿತು. ಎಲ್ಲ ಕಡೆಯೂ ಕಥೆ ಒಂದೇ. ಮೊದಲು ಬಂದವನು ಮೆಚ್ಚಿದ, ಮೆಚ್ಚಿದ್ದನ್ನು ಸಾರಿದ, ಸಾರಿದ್ದರಿಂದ ಮೆಚ್ಚಿದ್ದು ಹಾಳಾಯಿತು.

ಇದನ್ನು ಕಂಡು ಕೆಲವರು ‘ನಾವು ಯಾರಿಗೂ ಹೇಳುವುದಿಲ್ಲ’ ಎನ್ನುತ್ತಾರೆ. ಈ ಮಾತಿನಲ್ಲಿ ವಿವೇಕವಿದೆ, ಆದರೆ ಒಂದು ದೋಷವೂ ಅಡಗಿದೆ. ನಮ್ಮ ವಿರಾರ್ ಲೋಕಲಿನಲ್ಲಿ ಎಲ್ಲರೂ ದಿನಾ ಕಾಣುವ ನೋಟವೊಂದಿದೆ. ಪ್ಲಾಟ್‌ಫಾರ್ಮಿನ ಮೇಲೆ ನಿಂತವನು ‘ಒಳಗೆ ಸರಿಯಿರಪ್ಪಾ, ಬೇಕಾದಷ್ಟು ಜಾಗ ಇದೆ’ ಎಂದು ಕೂಗುತ್ತಾನೆ. ಅವನೇ ಹೇಗೋ ಒಳಗೆ ನುಗ್ಗಿ ಕಂಬಿ ಹಿಡಿದ ಮೇಲೆ, ಮುಂದಿನ ಸ್ಟೇಶನ್ನಿನಲ್ಲಿ ‘ಜಾಗ ಎಲ್ಲಿದೆ? ಹಿಂದಿನ ಗಾಡಿಗೆ ಬನ್ನಿ’ ಎನ್ನುತ್ತಾನೆ. ಒಂದೇ ಸ್ಟೇಶನ್ನಿನ ಅಂತರದಲ್ಲಿ ಒಬ್ಬನೇ ಮನುಷ್ಯನಿಗೆ ಎರಡು ನ್ಯಾಯ! ದಾರಿಯನ್ನು ಬಚ್ಚಿಡುವವನ ನ್ಯಾಯವೂ ಇದೇ. ತಾನು ಮೊದಲು ಕಂಡೆನೆಂಬುದನ್ನು ಅವನು ಹಕ್ಕೆಂದು ಭಾವಿಸುತ್ತಾನೆ. ಆ ದಾರಿಯನ್ನು ಅವನು ‘ಕಂಡುಹಿಡಿಯುವ’ ನೂರಾರು ವರ್ಷ ಮೊದಲೇ ಅಲ್ಲಿ ಜನ ನಡೆದಾಡುತ್ತಿದ್ದರೆಂಬುದನ್ನು ಮರೆಯುತ್ತಾನೆ. ಅಲ್ಲದೆ ಗುಟ್ಟು ಉಳಿಯುವುದು ಕಾರಿದ್ದವರ ನಡುವೆ ಮಾತ್ರ. ಚಾಳಿನ ಕೋಣೆಯಲ್ಲಿ ಆರು ಜನ ಮಲಗುವ ಸಂಸಾರಕ್ಕೆ ನೆರಳು ನಮಗಿಂತ ಹೆಚ್ಚು ಬೇಕಾಗಿದೆ.

ಇನ್ನೊಂದು ನಿದರ್ಶನವನ್ನೂ ನೆನೆಯಬೇಕು. ಕಾಸರಗೋಡು ಸೀಮೆಯ ಕಾಞಂಗಾಡಿನಲ್ಲಿ ನೆಲೆಸಿದ್ದ ನಿತ್ಯಾನಂದ ಸ್ವಾಮಿಗಳು ೧೯೩೦ರ ದಶಕದಲ್ಲಿ ವಜ್ರೇಶ್ವರಿಯ ಕಡೆಗೆ ಬಂದು, ಮುಂದೆ ಗಣೇಶಪುರಿಯಲ್ಲಿ ನೆಲೆನಿಂತರು. ೧೯೬೧ರಲ್ಲಿ ಅಲ್ಲೇ ಸಮಾಧಿಸ್ಥರಾದರು. ತಾನ್ಸಾ ಹೊಳೆಯ ದಂಡೆ, ಬಿಸಿನೀರಿನ ಬುಗ್ಗೆಗಳು, ಸುತ್ತ ಕಾಡು, ಇಷ್ಟೇ ಇದ್ದ ಜಾಗ ಅದು. ಮುಂಬಯಿಯ ನಮ್ಮ ಕರಾವಳಿಯವರು ಒಬ್ಬರಿಂದೊಬ್ಬರು ಕೇಳಿ ತಿಳಿದು ಅಲ್ಲಿಗೆ ಹೋದರು. ಅಲ್ಲಿ ದಾರಿ ಹರಡಿದ್ದು ಬಾಯಿಂದ ಬಾಯಿಗೆ. ಹೇಳಿದವನು ಕೇಳಿದವನಿಗೆ ದಾರಿಯ ಜೊತೆಗೆ ಅಲ್ಲಿ ಹೇಗಿರಬೇಕೆಂಬುದನ್ನೂ ಹೇಳಿಕೊಟ್ಟ. ನಮ್ಮ ಪ್ರಶ್ನೆಗೆ ಉತ್ತರದ ಎಳೆ ಇಲ್ಲಿ ಸಿಗುತ್ತದೆಯೆಂದು ನಮಗನಿಸುತ್ತದೆ. ಹಾಳುಮಾಡುವುದು ಹೇಳುವಿಕೆ ಅಲ್ಲ, ರೀತಿಯಿಲ್ಲದ ಹೇಳುವಿಕೆ. ಚಿತ್ರವನ್ನೂ ಜಾಗದ ಹೆಸರನ್ನೂ ಲಕ್ಷ ಜನರೆದುರು ಎಸೆದರೆ ಜನ ಹೋಗುತ್ತಾರೆ, ಮರ್ಯಾದೆ ಹಿಂದೆಯೇ ಉಳಿಯುತ್ತದೆ. ಕೇಳಿದವರಿಗೆ, ಎದುರು ಕುಳಿತು, ಹೊಣೆಯೊಡನೆ ಹೇಳಿದರೆ ದಾರಿಯೂ ಮರ್ಯಾದೆಯೂ ಒಟ್ಟಿಗೆ ಹೋಗುತ್ತವೆ.

ಆ ಹೊಣೆ ಯಾವುದು? ದೊಡ್ಡ ಧರ್ಮಸೂತ್ರವೇನೂ ಬೇಡ. ವಾಡಿಯೊಳಗೆ ಕಾರಿನ ವೇಗ ಸೈಕಲ್ಲಿನಷ್ಟಿರಲಿ, ಹಾರ್ನು ಮಲಗಿರಲಿ. ಯಾರ ಗೇಟಿನೆದುರೂ ಗಾಡಿ ನಿಲ್ಲಿಸಬೇಡಿ. ಮನುಷ್ಯರ ಚಿತ್ರ ತೆಗೆಯುವ ಮುಂಚೆ ಕೇಳಿ. ಬಾವಿಕಟ್ಟೆಯ ಬಳಿ ಕೇಳುವುದೂ ಬೇಡ. ದಾರಿಬದಿಯ ಮುದುಕಿ ಬುಟ್ಟಿಗೆ ಹೇಳಿದ ಬೆಲೆಯನ್ನು ಚೌಕಾಶಿಯಿಲ್ಲದೆ ಕೊಡಿ. ಆ ನೆರಳಿಗೆ ನಾವು ತೆರುವ ಕಂದಾಯ ಅದೊಂದೇ. ತಂದ ಪ್ಲಾಸ್ಟಿಕ್ಕನ್ನು ಜೋಗೇಶ್ವರಿಗೇ ಮರಳಿ ತನ್ನಿ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಜಲಪಾತಗಳಿಗೆ ನಿಷೇಧ ಹೊರಡಿಸಿದ್ದರೆ ಪಾಲಿಸಿ; ಕೊಚ್ಚಿಹೋದವರನ್ನು ಹುಡುಕಲು ನೀರಿಗಿಳಿಯುವವರು ಆ ಹಳ್ಳಿಯ ಹುಡುಗರೇ. ಕಾರಿಲ್ಲದವರು ಬೇಸರಿಸಬೇಕಾಗಿಲ್ಲ, ಅರ್ನಾಳಕ್ಕೂ ವಜ್ರೇಶ್ವರಿಗೂ ಬಸ್ಸಿದೆ, ಕಿಟಕಿಯ ಪಕ್ಕದ ಸೀಟು ಸಿಕ್ಕಿದರೆ ಡ್ರೈವರನಿಗಿಂತ ಹೆಚ್ಚು ನೋಡಬಹುದು.

ದಾರಿಗೆ ಅದನ್ನು ಬಳಸುವವರಷ್ಟೇ ಒಡೆಯರಲ್ಲ ಎಂಬುದನ್ನು ನಮ್ಮ ಕಾನೂನೂ ಒಪ್ಪಿದೆ. ಬಂಡೀಪುರದ ಹೆದ್ದಾರಿಯಲ್ಲಿ ೨೦೦೯ರಿಂದ ರಾತ್ರಿ ೯ರಿಂದ ಬೆಳಗ್ಗೆ ೬ರ ತನಕ ವಾಹನಗಳನ್ನು ತಡೆದಿರುವುದು ಅರ್ಜಿ ಹಾಕಲು ಬಾರದ ಆನೆ, ಜಿಂಕೆಗಳ ಸಲುವಾಗಿ. ಮೃಗಗಳಿಗೆ ಹೊತ್ತು ಬಿಟ್ಟುಕೊಡಬಲ್ಲ ನಾವು, ಮಧ್ಯಾಹ್ನದ ನಿದ್ದೆಯಲ್ಲಿರುವ ಒಂದು ಹಳ್ಳಿಗೆ ಅದರ ಹೊತ್ತನ್ನು ಬಿಟ್ಟುಕೊಡಲಾರೆವೇ?

ದೂರ ಹೋಗಲಾಗದವರಿಗೂ ಒಂದು ಮಾತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮ ಜೋಗೇಶ್ವರಿಯ ಗುಹಾಲಯ ೬ನೆಯ ಶತಮಾನದ್ದು. ಘಾರಾಪುರಿಗೆ ದೋಣಿ ಹತ್ತಿ ಹೋಗುವ ನಾವು, ಮನೆಯಿಂದ ನಡೆದು ಮುಟ್ಟಬಹುದಾದ ಈ ಮೆಟ್ಟಿಲುಗಳನ್ನು ಇಳಿದು ನೋಡುವುದು ಅಪರೂಪ. ಬಳಸುದಾರಿಯ ಕಣ್ಣು ಇದ್ದವರಿಗೆ ಗಲ್ಲಿಯೂ ಸಾಕು.

ಕನ್ನಡದಲ್ಲಿ ‘ಬಳಸು’ ಎಂಬ ಮಾತಿಗೆ ಸುತ್ತಿಹೋಗು ಎಂದೂ ಉಪಯೋಗಿಸು ಎಂದೂ ಎರಡರ್ಥ. ಉಪಯೋಗಿಸುವವನಿಗೆ ಹೊಣೆಯಿದೆಯಷ್ಟೆ? ಸುತ್ತಿಹೋಗುವವನಿಗೂ ಅದೇ ಹೊಣೆ. ಇದಕ್ಕೆ ಅಳತೆಗೋಲು ಬೇಕಾದರೆ ನಮ್ಮ ಊರನ್ನೇ ನೆನೆದುಕೊಳ್ಳೋಣ. ಕುಂದಾಪುರದ ಒಳಗೋ, ಶಿರಸಿಯ ಕೆಳಗೋ, ಧಾರವಾಡದ ಆಚೆಗೋ ನಮ್ಮ ಹಿರಿಯರ ಮನೆಯ ಮುಂದಿನ ದಾರಿ ಈಗ ಬೇರೆ ಯಾರದೋ ಶನಿವಾರದ ಬಳಸುದಾರಿ. ಅಂಗಳದಲ್ಲಿ ಅಡಿಕೆಯನ್ನೋ ಮೆಣಸನ್ನೋ ಒಣಗಿಸುತ್ತಿರುವ ನಮ್ಮ ಚಿಕ್ಕಮ್ಮನ ಮುಂದೆ ಒಂದು ಅಪರಿಚಿತ ಕಾರು ನಿಧಾನವಾಗಿ ಹಾದುಹೋಗುತ್ತಿದೆ. ಅದರಲ್ಲಿ ಕುಳಿತವರು ಹೇಗೆ ನಡೆದುಕೊಳ್ಳಬೇಕೆಂದು ನಾವು ಬಯಸುತ್ತೇವೋ, ಗಿರಿಜ-ನಿರ್ಮಳದ ದಾರಿಯಲ್ಲಿ ನಾವು ಹಾಗೆಯೇ ನಡೆದುಕೊಂಡರೆ ಸಾಕು. ಆಮೇಲೆ ಯಾರಾದರೂ ‘ಈ ವಾರ ಎಲ್ಲಿಗೆ ಹೋಗಿದ್ದಿರಿ?’ ಎಂದು ಕೇಳಿದರೆ, ಕೂರಿಸಿ, ಚಹಾ ಕೊಟ್ಟು, ದಾರಿಯನ್ನು ಪೂರ್ತಿಯಾಗಿ ಹೇಳಬಹುದು.