ಟೆಂಡರೂ ನ್ಯಾಯವೂ

ಕಡಿಮೆ ದರ ನಮೂದಿಸಿದವರಿಗೇ ಸರಕಾರದ ಗುತ್ತಿಗೆ. ಇದೇ ಸಮಾನತೆಯೆಂದು ನಾವು ನಂಬುತ್ತೇವೆ. ಆದರೆ ಠೇವಣಿಯನ್ನೂ ಹಿಂದಿನ ಅನುಭವವನ್ನೂ ಕೇಳುವ ನಿಯಮವು, ತಲೆಮಾರುಗಳಿಂದ ಅವಕಾಶವೇ ಸಿಗದವರನ್ನು ಬಾಗಿಲಲ್ಲೇ ತಡೆಯುವುದಿಲ್ಲವೇ? ಇದಕ್ಕೆಂದೇ ಕರ್ನಾಟಕವು ತನ್ನ 1999ರ ಟೆಂಡರು ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು, ಆಗ 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯವರಿಗೆ ಶೇಕಡಾ 17.15, ಪಂಗಡದವರಿಗೆ 6.95 ಮೀಸಲಿಟ್ಟಿತು.

ನಾವಿರುವ ಪುಣೆಯಲ್ಲಿ ಮಹಾನಗರಪಾಲಿಕೆಯು 2008ರಲ್ಲಿ, ಕಸ ಆಯುವವರದೇ ಸಹಕಾರಿ ಸಂಘವಾದ 'ಸ್ವಚ್ಛ'ದೊಡನೆ ಒಪ್ಪಂದ ಮಾಡಿಕೊಂಡು, ಮನೆಮನೆಯ ಕಸ ಸಂಗ್ರಹಿಸುವ ಕೆಲಸವನ್ನು ಅವರಿಗೇ ವಹಿಸಿತು. ಅವರಲ್ಲಿ ಬಹುಪಾಲು ದಲಿತ ಮಹಿಳೆಯರು.

ಸರಕಾರ ಬಾಗಿಲು ತೆರೆದರಷ್ಟೇ ಸಾಲದು. ಆ ದುಡಿಮೆಗೆ ತಿಂಗಳ ಶುಲ್ಕ ಕೊಡಬೇಕಾದವರು ಮನೆಯವರಾದ ನಾವು. ಅಲ್ಲಿ ಚೌಕಾಸಿಗೆ ನಿಂತರೆ, ಕಾಯ್ದೆಯ ನ್ಯಾಯ ನಮ್ಮ ಹೊಸ್ತಿಲಲ್ಲೇ ನಿಂತುಬಿಡುತ್ತದೆ.