ಗಾಡಿಯೇ ಮನೆಯಾದವರ ಕಾಯಕ

ನೆಲೆಯಿಲ್ಲದವನ ಮಾತಿಗೆ ಬೆಲೆಯುಂಟೇ? ಗಡಹಿಂಗ್ಲಜದ ರಸ್ತೆಯ ಬದಿಯಲ್ಲಿ ಘಿಸಾಡಿಗಳ ಬಿಡಾರದ ಮುಂದೆ ನಿಂತಾಗ ಈ ಪ್ರಶ್ನೆ ನಮ್ಮನ್ನು ಕಾಡಿತು. ಗಾಡಿಯೇ ಅವರ ಮನೆ; ಅದರ ಪಕ್ಕದಲ್ಲೇ ಕುಲುಮೆ. ಗಂಡನು ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದಿದ್ದನು, ಹೆಂಡತಿ ಸುತ್ತಿಗೆಯೆತ್ತಿ ಬಡಿಯುತ್ತಿದ್ದಳು. ನಾವು ಕುಡುಗೋಲೊಂದಕ್ಕೆ ಚೌಕಾಶಿ ಮಾಡುತ್ತ, “ನಾಳೆ ನೀವೆಲ್ಲೋ, ನಾವೆಲ್ಲೋ, ಇದು ಮುರಿದರೆ ಯಾರನ್ನು ಕೇಳೋಣ?” ಎಂದೆವು. ಆಕೆ, “ಸುಗ್ಗೀಗೆ ಮತ್ತ ಇಲ್ಲಿಗೇ ಬರಬೇಕಲ್ರೀ ಮಾಸ್ತರ, ಕೆಟ್ಟ ಮಾಲು ಕೊಟ್ಟು ಯಾವ ಮಾರಿ ತೋರಿಸೋಣು?” ಎಂದಳು. ನಾವು ನಿರುತ್ತರರಾದೆವು.

ಕೊಲ್ಹಾಪುರದ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಅದಕ್ಕೆ ಊರಿನ ಹೆಸರೇ ಸಾಕ್ಷಿ. ಇಚಲಕರಂಜಿಯ ಬಟ್ಟೆಗೂ ಊರೇ ಸಾಕ್ಷಿ. ಊರಿಲ್ಲದ ಕಮ್ಮಾರನಿಗೆ ಸಾಕ್ಷಿ ಯಾವುದು? ಮರಳಿ ಬರುವ ನಾಚಿಕೆಯೇ ಅವನ ಸಾಕ್ಷಿ. ಅದು ಅಂಗಡಿಯ ಫಲಕಕ್ಕಿಂತ ಕಡಿಮೆಯದೆಂದು ಹೇಳಲಾದೀತೇ?

1871ರ ಕಾಯಿದೆಯೊಂದು ಹಲವು ಅಲೆಮಾರಿ ಪಂಗಡಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬಗೆದಿತ್ತು. 1952ರಲ್ಲಿ ಅದು ರದ್ದಾಯಿತು. ಸಂಶಯ ಮಾತ್ರ ನಮ್ಮಲ್ಲಿ ಉಳಿಯಿತು. ಹೊರದೇಶಗಳಲ್ಲಿ ಮೋಟಾರು ಗಾಡಿಯನ್ನೇ ಮನೆ ಮಾಡಿಕೊಂಡು ಕೈಕಸಬಿನ ವಸ್ತುಗಳನ್ನು ಮಾರುವವರನ್ನು ಸ್ವತಂತ್ರರೆಂದು ಹೊಗಳುವ ನಾವೇ, ನಮ್ಮ ದಾರಿಯ ಬದಿಯವರನ್ನು ನೆಲೆಗೆಟ್ಟವರೆಂದು ಜರೆಯುತ್ತೇವೆ. ಅವರು ಬಯಸಿ ಹೊರಟವರು. ಇವರಿಗೆ ಅನ್ನವೇ ದಾರಿಯ ಮೇಲಿದೆ. ಹೀಗಿರುವಾಗ ಯಾರ ಬೆಲೆಯನ್ನು ನಾವು ಕಡಿಯಬೇಕು?

ಕೇಳಿದಷ್ಟು ಹಣವನ್ನು ಕೊಟ್ಟೆವು. ಆದರೆ ತಿದಿಯೊತ್ತುತ್ತಿದ್ದ ಅವರ ಮಗು ಇನ್ನೂ ಶಾಲೆಯ ಹೊಸ್ತಿಲನ್ನು ತುಳಿದಿರಲಿಲ್ಲ. ಸುಗ್ಗಿಗೆ ಬರುವೆವೆಂಬ ಮಾತನ್ನು ಅವರು ನಡೆಸಿಯಾರು. ಶಿಕ್ಷಕರಾದ ನಾವು ಆ ಮಗುವಿಗೆ ಸಲ್ಲಿಸಬೇಕಾದ ಋಣ ಹಾಗೆಯೇ ಉಳಿದಿದೆ.