ಬಿತ್ತನೆಗೆ ಸಾಕ್ಷಿ ಯಾರು?

ಮಣ್ಣಿನೊಳಗೆ ಬಿದ್ದ ಬೀಜ ಬಿತ್ತಿದವನ ಕಣ್ಣಿಗೆ ಕಾಣುವುದಿಲ್ಲ. ಸಾಲಿನಲ್ಲಿ ಎಲ್ಲಿ ತೆರಪು ಬಿದ್ದಿದೆ ಎಂಬುದು ಮೊಳಕೆ ಮೂಡಿದ ಮೇಲೆಯೇ ತಿಳಿಯತಕ್ಕದ್ದು; ಅಷ್ಟರಲ್ಲಿ ಹದ ಮೀರಿರುತ್ತದೆ. ಬೇಸಾಯ ಹುಟ್ಟಿದಂದಿನಿಂದಲೂ ಒಕ್ಕಲಿಗನು ಈ ಕಾಣದ ಭಾಗವನ್ನು ದೈವದ ಪಾಲಿಗೆ ಬಿಟ್ಟುಕೊಂಡು ಬಂದಿದ್ದಾನೆ. ಈಗ ಆ ಕತ್ತಲೆಯೊಳಕ್ಕೆ ಯಂತ್ರದ ಕಣ್ಣೊಂದು ಇಣುಕಿದೆ. ಇದರಿಂದ ಮನುಷ್ಯನ ಹೊಣೆ ಇಳಿಯಿತೇ, ಏರಿತೇ? ವಾಚಕರು ನನ್ನೊಡನೆ ಸ್ವಲ್ಪ ಹೊತ್ತು ಈ ಪ್ರಶ್ನೆಯನ್ನು ವಿಚಾರಿಸಬೇಕೆಂದು ಕೋರುತ್ತೇನೆ.

ಈ ಕಣ್ಣಿನ ತವರು ಅಮೆರಿಕದ ಗೋವಿನಜೋಳದ ಸೀಮೆ. ಇಲಿನಾಯ್ ರಾಜ್ಯದ ಆಬರ್ನ್ ಎಂಬ ಸಣ್ಣ ಊರಿನಲ್ಲಿ 1966ರಲ್ಲಿ ಸ್ಥಾಪಿತವಾದ ಡಿಕಿ-ಜಾನ್ ಸಂಸ್ಥೆಯು ಇಂಥ ಉಪಕರಣಗಳನ್ನು ರೈತರ ಕೈಗೆ ತಂದ ಮೊದಲಿಗರಲ್ಲಿ ಒಂದು. ಅದರ ತತ್ತ್ವ ಸರಳವಾದುದು. ಬೀಜ ಇಳಿಯುವ ನಾಳದ ಒಂದು ಬದಿಯಿಂದ ಬೆಳಕಿನ ಕಿರಣವೊಂದು ಹೊರಟು ಎದುರು ಬದಿಯ ಸಂವೇದಕವನ್ನು, ಎಂದರೆ ಸೆನ್ಸರನ್ನು, ಮುಟ್ಟುತ್ತಿರುತ್ತದೆ. ಬೀಜ ಬಿದ್ದಾಗ ಕಿರಣ ಕ್ಷಣಮಾತ್ರ ತುಂಡಾಗುತ್ತದೆ. ಯಂತ್ರವು ಅದನ್ನು ಒಂದೆಂದು ಎಣಿಸುತ್ತದೆ. ಅಲ್ಲಿ ಸಾಲಿನಿಂದ ಸಾಲಿಗೆ 30 ಅಂಗುಲ ಬಿಟ್ಟು ಎಕರೆಗೆ ಸುಮಾರು 32,000 ಬೀಜ ಹಾಕುವುದು ಸಾಮಾನ್ಯ ರೂಢಿ. ಲೆಕ್ಕ ಹಾಕಿ ನೋಡಿರಿ: ಬೀಜದಿಂದ ಬೀಜಕ್ಕೆ ಆರೂವರೆ ಅಂಗುಲ, ಗಂಟೆಗೆ 5 ಮೈಲಿ ವೇಗದಲ್ಲಿ ಹೋದರೆ ಒಂದೊಂದು ಸಾಲಿಗೆ ಸೆಕೆಂಡಿಗೆ ಹದಿಮೂರು ಬೀಜ, 24 ಸಾಲಿನ ಯಂತ್ರವಾದರೆ ಸೆಕೆಂಡಿಗೆ ಮುನ್ನೂರಕ್ಕೂ ಹೆಚ್ಚು. ಯಾವ ಮನುಷ್ಯನ ಕಣ್ಣು ಇದನ್ನು ನೋಡಬಲ್ಲದು?

ನಮ್ಮ ಕೂರಿಗೆಯನ್ನು ಬಲ್ಲವರಿಗೆ ಇಲ್ಲಿರುವ ವ್ಯತ್ಯಾಸ ಕೂಡಲೇ ಹೊಳೆಯುತ್ತದೆ. ಮೂರು ತಾಳಿನ ಕೂರಿಗೆಯ ಬಟ್ಟಲಿಗೆ ಬೀಜ ಬಿಡುವಾಕೆಯ ಮುಷ್ಟಿಯೇ ಅಲ್ಲಿ ಸಂವೇದಕ. ಹಸಿ ಮಣ್ಣು ಮೆತ್ತಿ ತಾಳಿನ ಬಾಯಿ ಕಟ್ಟಿಕೊಂಡರೆ ಬೀಜ ಕೊಳವೆಯಲ್ಲಿ ಮೇಲೇರಿ ನಿಲ್ಲುತ್ತದೆ, ಕೈಗೆ ತಿಳಿಯುತ್ತದೆ, ಎತ್ತುಗಳು ನಿಲ್ಲುತ್ತವೆ. ಹಳೆಯದನ್ನು ಹೊಗಳುವ ಚಪಲದಿಂದ ಇದನ್ನು ಹೇಳುತ್ತಿಲ್ಲ. ಬಿಸಿಲೇರಿದ ಮೇಲೆ ದಣಿದ ಕೈಯೂ ತಪ್ಪುತ್ತದೆ, ಅದಕ್ಕೆ ಎಣಿಕೆಯಂತೂ ತಿಳಿಯದು. ಆದರೆ 60 ಅಡಿ ಅಗಲದ ಯಂತ್ರವನ್ನು ಹಿಂದೆ ಕಟ್ಟಿಕೊಂಡು ಗಾಜಿನ ಕೋಣೆಯಲ್ಲಿ ಕುಳಿತವನ ಕೈಗೆ ಬೀಜದ ಸ್ಪರ್ಶವೇ ಇಲ್ಲ. ಯಂತ್ರವು ಮೊದಲು ಅವನ ದೃಷ್ಟಿಯನ್ನು ಕಿತ್ತುಕೊಂಡಿತು. ಆಮೇಲೆ ಅದರಲ್ಲೊಂದು ಅಂಶವನ್ನು ಸಂವೇದಕದ ಮೂಲಕ ಹಿಂದಿರುಗಿಸಿತು ಎಂದರೆ ಹೆಚ್ಚು ಸರಿಯಾದೀತು.

ಅದು ಎಷ್ಟು ಅಂಶ? ಎರಡು ಬೀಜ ಒಟ್ಟಿಗೆ ಬಿದ್ದರೆ ಬೆಳಕಿನ ಕಿರಣ ಅದನ್ನು ಒಂದೆಂದೇ ತಿಳಿಯಬಹುದು. ಧೂಳು ಮುಸುಕಿದರೆ ಆ ಕಣ್ಣು ಮಂಜಾಗುತ್ತದೆ. ಅದಕ್ಕಾಗಿಯೇ ಧೂಳನ್ನು ಲೆಕ್ಕಿಸದ ರೇಡಿಯೋ ತರಂಗದ ಸಂವೇದಕಗಳು ಆಮೇಲೆ ಬಂದವು. ಇವು ತಿದ್ದಬಹುದಾದ ಕೊರತೆಗಳು. ಮುಖ್ಯ ಸಂಗತಿ ಬೇರೆ. ಜೀವವಿರುವ ಬೀಜವೂ ಸತ್ತ ಬೀಜವೂ ಕಿರಣವನ್ನು ಒಂದೇ ರೀತಿಯಲ್ಲಿ ತುಂಡರಿಸುತ್ತವೆ. ನಾಳವನ್ನು ದಾಟಿದ ಬೀಜ ತೇವಕ್ಕೆ ಸೇರಿತೋ ಒಣಹೆಂಟೆಯ ಮೇಲೆ ಕುಳಿತಿತೋ ಆ ಕಣ್ಣು ಅರಿಯದು. ಸಾಲಿನ ತೇವವನ್ನೂ ಉಷ್ಣತೆಯನ್ನೂ ಅಳೆಯುವ ಸಂವೇದಕಗಳು ಈಗ ಬಂದಿವೆಯಾದರೂ, ಎಚ್ಚರವುಳ್ಳ ರೈತನು ಇಂದಿಗೂ ಆಗಾಗ ಕೆಳಗಿಳಿದು ಮೊಣಕಾಲೂರಿ ಮಣ್ಣು ಬಗೆದು ಬೀಜವನ್ನು ಹುಡುಕುತ್ತಾನೆ.

ಸರಾಸರಿಯ ಮೋಸವೂ ಒಂದಿದೆ. ಒಂದೆಡೆ ಜೋಡಿ ಬೀಜ ಬಿದ್ದು ಮುಂದಿನೆಡೆ ತೆರಪಾದರೆ ಎಕರೆಯ ಲೆಕ್ಕ ಸರಿಯಾಗಿಯೇ ಇರುತ್ತದೆ, ಸಾಲು ಮಾತ್ರ ಕೆಟ್ಟಿರುತ್ತದೆ. ಆದುದರಿಂದಲೇ ಹೊಸ ಉಪಕರಣಗಳು ಜೋಡಿಯನ್ನೂ ತೆರಪನ್ನೂ ಬೇರೆ ಬೇರೆಯಾಗಿ ತೋರಿಸುತ್ತವೆ. (ಸಂಸ್ಥೆಗಳ ವಾರ್ಷಿಕ ಲೆಕ್ಕಪತ್ರ ಓದುವ ಮಹನೀಯರು ಇದನ್ನು ಗಮನಿಸಬಹುದು.)

ಇನ್ನು ಧರ್ಮಪ್ರಶ್ನೆಗೆ ಬರೋಣ. ಸಂಜೆಯಾಗಿದೆ, ಪಡುವಣದಲ್ಲಿ ಮೋಡ ಕವಿದಿದೆ, ಇಪ್ಪತ್ತು ಎಕರೆ ಉಳಿದಿದೆ. ಹದಿನೇಳನೆಯ ಸಾಲಿನಲ್ಲಿ ಬೀಜ ಬೀಳುತ್ತಿಲ್ಲವೆಂದು ಗಂಟೆ ಬಾರಿಸುತ್ತದೆ. ಇಪ್ಪತ್ತನಾಲ್ಕರಲ್ಲಿ ಒಂದು ಸಾಲು, ಎಂದರೆ ನೂರಕ್ಕೆ ನಾಲ್ಕರಷ್ಟು ನಷ್ಟ. ಸೋಯಾ ಆದರೆ ಪಕ್ಕದ ಗಿಡಗಳು ಕವಲೊಡೆದು ತೆರವನ್ನು ಬಹುಮಟ್ಟಿಗೆ ತುಂಬಿಯಾವು. ಗೋವಿನಜೋಳಕ್ಕೆ ಆ ಶಕ್ತಿ ಕಡಿಮೆ. ನಿಲ್ಲಿಸಿ ಕೆಳಗಿಳಿಯಬೇಕೇ, ಗಂಟೆಯ ಬಾಯಿ ಮುಚ್ಚಿಸಿ ಮುಂದೆ ಸಾಗಬೇಕೇ? ಮಳೆ ಬಂದು ಇಪ್ಪತ್ತು ಎಕರೆಯೂ ನಿಂತುಹೋಗುವುದು ಸಣ್ಣ ಮಾತಲ್ಲ. ಸಾಗುವುದೇ ವಿವೇಕವೆನಿಸುವ ಸಂದರ್ಭವೂ ಉಂಟು. ಆದರೆ ಸ್ವಂತ ಹೊಲವಾದರೆ ಒಂದು ಮಾತು, ಬಾಡಿಗೆಗೆ ಬಿತ್ತಿಕೊಡುವ ಪರರ ಹೊಲವಾದರೆ ಬೇರೆ ಮಾತು. ಅವನ ಅಜ್ಜನಿಗೆ ಈ ಸಂಕಟವಿರಲಿಲ್ಲ. ಬರಿದಾದ ಸಾಲನ್ನು ಕಂಡು ಅಜ್ಜ ವಿಧಿಯನ್ನು ಹಳಿದು ಸುಮ್ಮನಾಗಬಹುದಿತ್ತು. ಅರಿಯದೆ ಆದ ತಪ್ಪಿಗೂ ಅರಿತು ಮಾಡಿದ ತಪ್ಪಿಗೂ ನಾವೆಲ್ಲರೂ ಭೇದವೆಣಿಸುತ್ತೇವಷ್ಟೆ. ಮೊಮ್ಮಗನಿಗೆ ಅರಿಯೆನೆಂಬ ಆಶ್ರಯವನ್ನು ಆ ಪುಟ್ಟ ಕಿರಣವು ಇಲ್ಲದಂತೆ ಮಾಡಿದೆ. ನೋಡುವ ಕೆಲಸವನ್ನು ಯಂತ್ರ ವಹಿಸಿಕೊಂಡಿತು, ಉತ್ತರ ಹೇಳುವ ಕೆಲಸವನ್ನು ವಹಿಸಿಕೊಳ್ಳಲಿಲ್ಲ. ಹೊಣೆ ಏರಿತೆಂದೇ ನನ್ನ ಅಭಿಪ್ರಾಯ.

ಮತ್ತೊಂದು ಮಾತು. ಈ ಸಾಕ್ಷಿ ಕಂಡದ್ದನ್ನೆಲ್ಲ ಬರೆದಿಡುತ್ತದೆ. ಉಪಗ್ರಹದ ನೆರವಿನಿಂದ ಯಾವ ಸ್ಥಳದಲ್ಲಿ, ಯಾವ ಗಳಿಗೆಯಲ್ಲಿ ಬೀಜ ತಪ್ಪಿತೆಂಬ ನಕ್ಷೆಯೇ ಸಿದ್ಧವಾಗುತ್ತದೆ. ತಿದ್ದಿಕೊಳ್ಳಲೆಂದು ಹುಟ್ಟಿದ ಅರಿವು ಜಮೀನಿನ ಒಡೆಯನ ಕೈಯಲ್ಲಿ ಗೇಣಿದಾರನ ಮೇಲಿನ ಆರೋಪಪತ್ರವಾದರೆ? ತಪ್ಪಿದ ಸಾಲು ಮೊದಲು ಬಿತ್ತಿದವನಿಗೇ ಕಾಣಬೇಕು, ತಿದ್ದಲು ಅವನಿಗೆ ಅವಕಾಶವಿರಬೇಕು ಎಂಬುದು ನನಗೆ ನ್ಯಾಯವಾಗಿ ತೋರುತ್ತದೆ. 2014ರಲ್ಲಿ ಅಮೆರಿಕದ ರೈತಸಂಘಟನೆಗಳೂ ಯಂತ್ರ ಮತ್ತು ಬೀಜದ ಕಂಪನಿಗಳೂ ಕೂಡಿ, ಹೊಲದ ಮಾಹಿತಿ ರೈತನದೇ ಎಂಬ ತತ್ತ್ವಕ್ಕೆ ಸಮ್ಮತಿಸಿದವು. ಅದು ಕಾನೂನಲ್ಲ, ಸ್ವಯಂಪ್ರೇರಿತ ಒಪ್ಪಂದ. ಒಡೆಯನಿಗೆ ಏನನ್ನು ತೋರಿಸಬೇಕೆಂಬುದನ್ನು ರೈತನೇ ಅವನೊಡನೆ ಮಾತಾಡಿ ನಿರ್ಧರಿಸಿಕೊಳ್ಳಲಿ ಎಂದು ಅದು ಬಿಟ್ಟಿದೆ. ಮರುವರ್ಷದ ಗೇಣಿಗಾಗಿ ಬಾಗಿಲಲ್ಲಿ ನಿಂತವನು ಯಾವ ಬಲದಿಂದ ಆ ಮಾತನ್ನು ಆಡಬೇಕು?